ಅಪ್ಪನ ಅಂಕಿ, ಮಾಮನ ಸುದ್ದಿ

ನಮ್ಮ ಮನೆಯಲ್ಲಿ ಅಪ್ಪ ಊಟಕ್ಕೆ ಕೂತಾಗ ಮಾತಾಡುತ್ತಿರಲಿಲ್ಲ. ಕಂಠಿ ಮಾಮ ಊಟಕ್ಕೆ ಕೂತಾಗಲೇ ಮಾತಾಡುತ್ತಿದ್ದ. ಮುಂಬಯಿಯ ಜೋಗೇಶ್ವರಿಯ ಆ ಬಿಲ್ಡಿಂಗಿನ ಮೂರನೇ ಮಹಡಿಯಲ್ಲಿ ನಮಗಿದ್ದದ್ದು ಒಂದು ಕೋಣೆ, ಒಂದು ಅಡುಗೆಮನೆ, ಗ್ರಿಲ್ ಹಾಕಿ ಮುಚ್ಚಿದ ಒಂದು ಗ್ಯಾಲರಿ. ಗ್ಯಾಲರಿಯಲ್ಲಿ ಮಾಮ ಮಲಗುತ್ತಿದ್ದ. ಅವನ ಹಾಸಿಗೆ ಸುರುಳಿಯ ಮೇಲೆ ಹಗಲೆಲ್ಲ ಅಮ್ಮನ ಒಣಗಿದ ಬಟ್ಟೆ, ನನ್ನ ಪುಸ್ತಕ, ಸೋಸಿದ ಅಕ್ಕಿಯ ಮೊರ ಇರುತ್ತಿದ್ದವು. ಊಟಕ್ಕೆ ಕೋಣೆಯ ನಡುವೆ ಚಾಪೆ ಹಾಸಿದರೆ ಅಪ್ಪ ಗೋಡೆಗೆ ಬೆನ್ನು ಕೊಟ್ಟು ಕೂರುವರು, ಮಾಮ ಅಡುಗೆಮನೆಯ ಬಾಗಿಲಿಗೆ. ಬಡಿಸಲು ಓಡಾಡುವ ಅಮ್ಮ ಪ್ರತಿಸಲವೂ ಅವನ ಮಂಡಿ ದಾಟಿಕೊಂಡೇ ಬರಬೇಕು. ಅಮ್ಮ ಒಂದು ದಿನವೂ ಅವನಿಗೆ ಆಚೆ ಸರಿದು ಕೂರು ಎನ್ನಲಿಲ್ಲ. ತವರಿನವರೆಂದು ಅವಳ ಹತ್ತಿರ ಇದ್ದದ್ದು ಆ ತಮ್ಮನೊಬ್ಬನೇ. ಮೈಸೂರಿನಲ್ಲಿ ಬಿ.ಕಾಂ. ಮುಗಿಸಿ, ಎರಡು ಜೊತೆ ಬಟ್ಟೆ ತೆಗೆದುಕೊಂಡು ನಾಲ್ಕು ದಿನಕ್ಕೆಂದು ಬಂದವನು ಹನ್ನೊಂದು ವರ್ಷ ನಮ್ಮಲ್ಲೇ ಉಳಿದ.

ಮಾಮ ಫೋರ್ಟ್ ಪ್ರದೇಶದಲ್ಲಿ ಒಬ್ಬ ಗುಜರಾತಿ ಷೇರು ಬ್ರೋಕರನ ಬಳಿ ಕೆಲಸಕ್ಕಿದ್ದ. ಮೊದಲು ಕಾಗದ ಹೊರುವ ಕೆಲಸ, ಆಮೇಲೆ ಷೇರು ಬಜಾರಿನ ಒಳಗೆ, ಕಟಕಟೆ ಕಟ್ಟಿದ ಅಂಗಳದಲ್ಲಿ ನಿಂತು ಕೂಗುವ ಕೆಲಸ. ಆಗ ವ್ಯಾಪಾರವೆಲ್ಲ ಬಾಯಲ್ಲಿ ಮತ್ತು ಬೆರಳಲ್ಲಿ ನಡೆಯುತ್ತಿತ್ತು. ಅಂಗೈ ಒಳಮುಖವಾದರೆ ಕೊಳ್ಳುತ್ತೇನೆ ಎಂದು, ಹೊರಮುಖವಾದರೆ ಮಾರುತ್ತೇನೆ ಎಂದು. ಸಾರನ್ನ ಕಲಸಿದ ಕೈಯಲ್ಲೇ ಮಾಮ ಅದನ್ನು ಮಾಡಿ ತೋರಿಸುವನು. ಚಾಪೆಯ ಮೇಲೆ ಅಗುಳು ಉದುರುತ್ತಿತ್ತು. ಅವನ ದನಿ ಯಾವಾಗಲೂ ಒಡೆದಿರುತ್ತಿತ್ತು. ಅಮ್ಮ ಮೆಣಸಿನ ಕಷಾಯ ಮಾಡಿಕೊಡುವಳು. ಅದನ್ನು ಕುಡಿಯುತ್ತಾ ಅವನು ಆ ದಿನ ಬಜಾರಿನಲ್ಲಿ ಓಡಾಡಿದ ಸುದ್ದಿಗಳನ್ನು ಹೇಳುತ್ತಿದ್ದ. ಯಾವ ಕಂಪನಿಯನ್ನು ಯಾರು ಕೊಳ್ಳಲಿದ್ದಾರೆ, ಯಾವ ಮಂತ್ರಿ ಯಾವ ಮಾಲೀಕನ ಮಗಳ ಮದುವೆಗೆ ಹೋಗಿದ್ದ, ಯಾವ ಮಿಲ್ಲಿನ ನೆಲದ ಬೆಲೆಯೇ ಅದರ ಯಂತ್ರಗಳಿಗಿಂತ ಹೆಚ್ಚು. ಶಾಲೆಯಲ್ಲಿ ಯಾರೂ ನನಗೆ ಅಷ್ಟು ಒಳ್ಳೆಯ ಕತೆ ಹೇಳಿರಲಿಲ್ಲ.

ಅಪ್ಪ ಸರ್ಕಾರದ ಅಂಕಿಅಂಶ ಇಲಾಖೆಯೊಂದರಲ್ಲಿದ್ದರು. ಕಾರ್ಖಾನೆಗಳು ತಿಂಗಳಿಗೊಮ್ಮೆ ತಾವು ಎಷ್ಟು ತಯಾರಿಸಿದೆವು ಎಂದು ಒಂದು ಫಾರ್ಮ್ ತುಂಬಿ ಅಂಚೆಯಲ್ಲಿ ಕಳಿಸಬೇಕು. ಅಪ್ಪನ ವಿಭಾಗ ಅವನ್ನೆಲ್ಲ ಕೂಡಿ ಒಂದು ಸೂಚ್ಯಂಕ ಮಾಡುತ್ತಿತ್ತು. ಕಳಿಸದ ಕಾರ್ಖಾನೆಯೂ ಕಳೆದ ತಿಂಗಳಷ್ಟೇ ತಯಾರಿಸಿದೆ ಎಂದು ಬರೆದುಕೊಳ್ಳುವುದು ಆಫೀಸಿನ ರೂಢಿ. ಅಪ್ಪನಿಗೆ ಅದು ಸುಳ್ಳು ಹೇಳಿದ ಹಾಗೆ. ಶನಿವಾರ ಅರ್ಧ ದಿನದ ಆಫೀಸು ಮುಗಿಸಿ, ಯಾರೂ ಹೇಳದಿದ್ದರೂ, ವಿಕ್ರೋಳಿಗೋ ಠಾಣೆಯ ಕಡೆಗೋ ಹೋಗಿ, ಕಾರ್ಖಾನೆಯ ಗೇಟಿನಲ್ಲಿ ಕಾದು, ಫಾರ್ಮ್ ತುಂಬಿಸಿಕೊಂಡು ಬರುತ್ತಿದ್ದರು. ಬಂದವರು ಕಾಲು ತೊಳೆದು, ತಾಮ್ರದ ತಂಬಿಗೆಯ ನೀರು ಕುಡಿದು, ಆ ಕಾಗದವನ್ನು ದೇವರ ಗೂಡಿನ ಕೆಳಗಿನ ಷೆಲ್ಫಿನಲ್ಲಿ ಇಡುವರು. ಅಲ್ಲಿ ಬೇರೇನನ್ನೂ ಇಡುವಂತಿರಲಿಲ್ಲ.

ಭಾನುವಾರ ಎಣ್ಣೆಸ್ನಾನವಾದ ಮೇಲೆ ಅಪ್ಪ ನನಗೆ ಲೆಕ್ಕ ಹೇಳಿಕೊಡುವರು. ಸೂಚ್ಯಂಕ ಎಂದರೇನು, ಎಲ್ಲ ವಸ್ತುವಿಗೂ ಒಂದೇ ತೂಕ ಯಾಕಿಲ್ಲ ಎನ್ನುವುದನ್ನು ಅವರು ಅಮ್ಮನ ಅಡುಗೆಮನೆಯಿಂದಲೇ ತಿಳಿಸಿದರು. ಉಪ್ಪಿನ ಬೆಲೆ ಎರಡರಷ್ಟಾದರೂ ನಿಮ್ಮಮ್ಮ ಗೊಣಗುವುದಿಲ್ಲ, ಅಕ್ಕಿಯದು ಸ್ವಲ್ಪ ಏರಿದರೂ ಗೊಣಗುತ್ತಾಳೆ, ಆ ಗೊಣಗಾಟವೇ ತೂಕ ಎಂದರು. ಅಡುಗೆಮನೆಯಿಂದ ಅಮ್ಮ, ನಾನು ಗೊಣಗುವುದೂ ಸರ್ಕಾರಿ ಲೆಕ್ಕಕ್ಕೆ ಹೋಯಿತೇ ಎಂದಳು. ಅಪ್ಪ ನಕ್ಕದ್ದು ನೆನಪಿದೆ. ಅವರು ನಗುವುದು ಅಪರೂಪವಾಗಿತ್ತು, ಆದ್ದರಿಂದ ನೆನಪಿದೆ.

ಅಪ್ಪ ಮಾಮರ ನಡುವೆ ಜಗಳವೆಂಬುದು ಏರುದನಿಯಲ್ಲಿ ನಡೆದದ್ದು ನಾನು ಕಾಣೆ. ಊಟವಾಗಿ ಅಪ್ಪ ಅಡಿಕೆ ಬಾಯಿಗೆ ಹಾಕಿಕೊಂಡ ಮೇಲೆ, ಮಾಮ ಹೇಳಿದ್ದಕ್ಕೆಲ್ಲ ಸೇರಿ ಒಂದು ಉತ್ತರ ಬರುತ್ತಿತ್ತು. ಒಂದು ಸಲ ಮಾಮ ಯಾವುದೋ ಪಂಪ್ ತಯಾರಿಸುವ ಕಂಪನಿಯ ಷೇರು ಏರುತ್ತದೆ ಎಂದ. ಪಂಪ್‌ಗಳ ತಯಾರಿಕೆ ನಾಲ್ಕು ತಿಂಗಳಿಂದ ಇಳಿಯುತ್ತಿದೆ, ಅದು ಅಚ್ಚಾದ ಅಂಕಿ, ಯಾರು ಬೇಕಾದರೂ ನೋಡಬಹುದು ಎಂದರು ಅಪ್ಪ.

"ಭಾವ, ನಿಮ್ಮ ಅಂಕಿ ಅಚ್ಚಾಗಿ ಬರೋ ಹೊತ್ತಿಗೆ ಬಜಾರ್ ಎರಡು ಸ್ಟೇಷನ್ ಮುಂದೆ ಹೋಗಿರುತ್ತೆ."

"ಇರಬಹುದು. ನಿನ್ನ ಸುದ್ದಿ ಯಾವ ಸ್ಟೇಷನ್ನಿಂದ ಹೊರಟಿತು ಅಂತ ವಿಚಾರಿಸಿದ್ಯಾ?"

ಮಾಮ ವಿಚಾರಿಸಿರಲಿಲ್ಲ. ಆದರೆ ಆ ಷೇರು ಏರಿತು. ಮೂರು ತಿಂಗಳಿಗೆ ಎರಡರಷ್ಟಾಯಿತು. ಆ ಲಾಭದಲ್ಲಿ ಮಾಮ ಮನೆಗೆ ಫ್ರಿಜ್ ತಂದ. ಬಿಲ್ಡಿಂಗಿನಲ್ಲಿ ಅದು ಎರಡನೆಯ ಫ್ರಿಜ್; ನಾಲ್ಕು ಜನ ಹೊತ್ತು ತಂದು ಕೋಣೆಯಲ್ಲಿಟ್ಟಾಗ ನನ್ನ ಓದುವ ಮೂಲೆ ಹೋಯಿತು, ಯಾರೂ ಬೇಸರಪಡಲಿಲ್ಲ. ಅಪ್ಪ ಮಾತ್ರ ಒಂದು ತಿಂಗಳು ಮಣ್ಣಿನ ಹೂಜಿಯ ನೀರನ್ನೇ ಕುಡಿದರು. ಏಪ್ರಿಲ್ ಸೆಕೆಯ ಒಂದು ಸಂಜೆ ಆಫೀಸಿನಿಂದ ಬಂದವರು ಯಾರನ್ನೂ ಕೇಳದೆ ಫ್ರಿಜ್ಜಿನ ಬಾಗಿಲು ತೆಗೆದು ಬಾಟಲಿ ಎತ್ತಿದರು. ಮಾಮ ಗ್ಯಾಲರಿಯಿಂದ ನೋಡಿದ, ಏನೂ ಅನ್ನಲಿಲ್ಲ. ಅವನಲ್ಲಿ ಆ ದೊಡ್ಡತನವಿತ್ತು.

ನಾನು ಕಾಲೇಜು ಸೇರುವ ಹೊತ್ತಿಗೆ ಬಜಾರು ನಮ್ಮ ಬಿಲ್ಡಿಂಗಿಗೇ ಬಂದುಬಿಟ್ಟಿತ್ತು. ತೊಂಬತ್ತರ ದಶಕ ಆಗಷ್ಟೇ ಶುರುವಾಗಿತ್ತು. ನೀರು ಹಿಡಿಯಲು ಮೆಟ್ಟಿಲ ಬಳಿ ನಿಂತ ಹೆಂಗಸರು ಷೇರಿನ ಹೆಸರು ಹೇಳುವರು, ಲೋಕಲ್ ರೈಲಿನಲ್ಲಿ ಜೋತಾಡುವವರು ಹೇಳುವರು, ಇಸ್ತ್ರಿಯವನು ಹೇಳುವನು. ಎಲ್ಲರೂ ಮಾಮನನ್ನು ಹುಡುಕಿ ಬರುತ್ತಿದ್ದರು. ಆಗ ಅವನ ಬಾಯಲ್ಲಿ ಇದ್ದದ್ದು ಒಂದು ಸಿಮೆಂಟ್ ಕಂಪನಿ. ಕತೆ ಸರಳವಾಗಿತ್ತು. ಅಂಥ ಕಾರ್ಖಾನೆಯನ್ನು ಇವತ್ತು ಹೊಸದಾಗಿ ಕಟ್ಟಲು ಎಷ್ಟು ಕೋಟಿ ಬೇಕೋ ಅಷ್ಟೇ ಅದರ ನಿಜವಾದ ಬೆಲೆ, ಬಜಾರಿನ ಬೆಲೆ ಅದರ ಕಾಲು ಭಾಗವೂ ಇಲ್ಲ, ಆದ್ದರಿಂದ ಅದು ಏರಲೇಬೇಕು. ಕೇಳಿದವರಿಗೆಲ್ಲ ಅರ್ಥವಾಗುತ್ತಿತ್ತು, ಅರ್ಥವಾದ ಸಂತೋಷದಲ್ಲೇ ಅವರು ಹಣ ಕೊಡುತ್ತಿದ್ದರು. ಷೇರು ಏರುತ್ತಲೂ ಇತ್ತು. ಅಪ್ಪ ಅಡಿಕೆ ಅಗಿಯುತ್ತಾ, ಓಡದ ಕಾರ್ಖಾನೆಯನ್ನು ಕಟ್ಟಲು ಎಷ್ಟು ಬೇಕು ಎಂಬುದನ್ನು ಕಟ್ಟಿಕೊಂಡು ಏನು ಮಾಡುತ್ತೀರಿ ಎಂದಷ್ಟೇ ಹೇಳಿ ಎದ್ದುಹೋದರು. ಓಡದ ಎಂಬ ಮಾತನ್ನು ಯಾರೂ ಗಮನಿಸಲಿಲ್ಲ. ಹೇಳಿದ ಮೇಲೆ ಅವರ ಮುಖ ಸಣ್ಣದಾದದ್ದನ್ನು ನಾನು ಗಮನಿಸಿದೆ.

ಕಾರಣ ಮುಂದಿನ ಭಾನುವಾರ ತಿಳಿಯಿತು. ಆಫೀಸಿನಲ್ಲಿ ಕೆಲಸ ಉಳಿದು, ಮೇಲಿನವರ ಅನುಮತಿ ಪಡೆದು ಅಪ್ಪ ಕೆಲವು ಫಾರ್ಮ್‌ಗಳನ್ನು ಮನೆಗೆ ತಂದಿದ್ದರು. ಶೇಕಡಾವಾರು ಲೆಕ್ಕವನ್ನು ನನ್ನಿಂದ ಇನ್ನೊಮ್ಮೆ ಹಾಕಿಸುವುದು ಅವರ ಅಭ್ಯಾಸ. ಕೊಡುವ ಮೊದಲು ಪ್ರತಿ ಫಾರ್ಮಿನ ತಲೆಯನ್ನು ಹಿಂದಕ್ಕೆ ಮಡಿಸಿ ಪಿನ್ ಹಾಕುತ್ತಿದ್ದರು, ಕಂಪನಿಯ ಹೆಸರು ಕಾಣಬಾರದೆಂದು. ಒಂದೊಂದು ಕಂಪನಿಯ ಅಂಕಿಯನ್ನೂ ಹೊರಗೆ ಯಾರಿಗೂ ತಿಳಿಸುವುದಿಲ್ಲ ಎಂಬ ಭರವಸೆ ಆ ಫಾರ್ಮಿನ ಮೇಲೆಯೇ ಅಚ್ಚಾಗಿತ್ತು. ಎಲ್ಲವನ್ನೂ ಕೂಡಿದ ಮೊತ್ತ ಮಾತ್ರ, ತಿಂಗಳುಗಳ ನಂತರ, ಪ್ರಕಟವಾಗುತ್ತದೆ. ಆ ಭರವಸೆಯನ್ನು ಕೊಟ್ಟದ್ದು ಸರ್ಕಾರ. ಅಪ್ಪ ಅದನ್ನು ತಾವೇ ಕೊಟ್ಟಂತೆ ಪಾಲಿಸುತ್ತಿದ್ದರು. ಅಂದು ಅವರು ಬಾಗಿಲಿಗೆ ಹಾಲಿನವನು ಬಂದನೆಂದು ಎದ್ದಾಗ ಒಂದು ಪಿನ್ ಸಡಿಲವಾಗಿ ಮಡಿಕೆ ಬಿಚ್ಚಿಕೊಂಡಿತು. ಮಾಮ ದಿನವೂ ಹೇಳುತ್ತಿದ್ದ ಹೆಸರು ಅದು. ಸುಣ್ಣಕಲ್ಲು ಸುಡುವ ಮೂರು ಕುಲುಮೆಗಳಲ್ಲಿ ಎರಡು ಅರ್ಧ ವರ್ಷದಿಂದ ಆರಿದ್ದವು. ನಾನು ಮಡಿಕೆಯನ್ನು ಮೊದಲಿನಂತೆ ಮಡಿಸಿ ಪಿನ್ ಹಾಕಿದೆ. ನನ್ನ ಲೆಕ್ಕ ಸರಿಯಾಗಿ ಬಂದಿದೆ ಎಂದು ಅಪ್ಪ ಬೆನ್ನು ತಟ್ಟಿದರು.

ಮರುದಿನ ಬೆಳಿಗ್ಗೆ ಗ್ಯಾಲರಿಯಲ್ಲಿ ಮಾಮ ಗ್ರಿಲ್ಲಿಗೆ ಸಿಕ್ಕಿಸಿದ ಕನ್ನಡಿಯ ಮುಂದೆ ಕ್ಷೌರ ಮಾಡಿಕೊಳ್ಳುತ್ತಿದ್ದ. ಅಪ್ಪ ಸ್ನಾನಕ್ಕೆ ಹೋಗಿದ್ದರು. ನಾನು ಅವನ ಬಳಿ ಹೋಗಿ, ಕಂಡದ್ದನ್ನು ಹೇಳಿದೆ. ಅವನ ಕೈ ತಡೆಯಿತು, ನಂತರ ಅವನು ಸೋಪಿನ ಕೆನ್ನೆಯಲ್ಲೇ ನಕ್ಕ.

"ಭಟ್ಟಿ ಬಂದ್ ಆಗಿರೋದು ಬಜಾರ್‌ನಲ್ಲಿ ಅರ್ಧ ಜನಕ್ಕೆ ಗೊತ್ತು ಪುಟ್ಟಿ. ಅದಕ್ಕೇ ಇನ್ನೂ ಸಸ್ತಾ ಸಿಗ್ತಿರೋದು. ಹೊಸ ಮಾಲೀಕ ಬರ್ತಾನೆ, ಹಚ್ತಾನೆ. ಕೆಟ್ಟ ಸುದ್ದಿ ಎಲ್ಲ ಮುಗಿದುಹೋಗಿದೆ, ಇನ್ನು ಬರೋದೆಲ್ಲ ಒಳ್ಳೇದೇ."

ಆಮೇಲೆ ನಗು ನಿಲ್ಲಿಸಿ ಇದನ್ನು ಬೇರೆ ಯಾರಿಗಾದರೂ ಹೇಳಿದೆಯಾ ಎಂದು ಕೇಳಿದ. ಇಲ್ಲ ಎಂದೆ. ಹೇಳಬೇಡ, ಭಾವನ ನೌಕರಿ ಹೋಗುತ್ತದೆ ಎಂದ. ಅಪ್ಪನ ನಂಬಿಕೆಯನ್ನು ಮುರಿದು ನಾನು ತಂದುಕೊಟ್ಟ ಅಂಕಿಯನ್ನು ಅವನ ಕತೆ ಒಂದೇ ತುತ್ತಿಗೆ ನುಂಗಿ, ಇನ್ನಷ್ಟು ಬಲವಾಯಿತು. ಆ ವಾರ ಅವನು ತನ್ನ ಪಾಲಿಗೆ ಅದೇ ಷೇರನ್ನು ಮತ್ತಷ್ಟು ಕೊಂಡನೆಂದು ಬಹಳ ದಿನಗಳ ಮೇಲೆ ತಿಳಿಯಿತು.

ಖಾದರ್‌ಭಾಯಿ ನಮ್ಮ ಬಿಲ್ಡಿಂಗಿನ ಕೆಳಗಿನ ಟೈಲರ್. ಗದಗಿನ ಕಡೆಯವರು. ಮನೆಯಲ್ಲಿ ದಖನಿ ಉರ್ದು, ಗಿರಾಕಿಗಳ ಜೊತೆ ಹಿಂದಿ, ನಮ್ಮ ಜೊತೆ ಮಾತ್ರ ಕನ್ನಡ. ಅವರ ಕನ್ನಡ ಕೇಳಲೆಂದೇ ಅಮ್ಮ ಒಂದು ಬಟನ್ ಹಾಕಿಸಲೂ ಕೆಳಗಿಳಿದು ಹೋಗುತ್ತಿದ್ದಳು. ಬಾಡಿಗೆಯ ಆ ಅಂಗಡಿಯನ್ನು ಮಾಲೀಕ ಮಾರಲು ಹೊರಟಿದ್ದ. ಅದನ್ನು ತಾನೇ ಕೊಳ್ಳಬೇಕೆಂದು ಖಾದರ್‌ಭಾಯಿ ವರ್ಷಗಳಿಂದ ಕೂಡಿಡುತ್ತಿದ್ದರು. ಅರ್ಧದಷ್ಟಾಗಿತ್ತು, ಉಳಿದರ್ಧ ಕೂಡಿಡಲು ಸಮಯವಿರಲಿಲ್ಲ. ನಾನು ಮಾಮನಿಗೆ ಹೇಳಿದ ವಾರವೇ, ಭಾನುವಾರ ಮಧ್ಯಾಹ್ನ ಅವರು ನನಗೆಂದು ಹೊಲಿದ ಕುರ್ತಾ ಕೊಡುವ ನೆಪದಲ್ಲಿ ಮೇಲೆ ಬಂದರು. ಮಾಮ ಮನೆಯಲ್ಲಿರಲಿಲ್ಲ. ಅವನಿಲ್ಲದ ಹೊತ್ತು ನೋಡಿಯೇ ಬಂದಿದ್ದರು. ಕೂರಿ ಎಂದರೂ ಕೂರದೆ, ಅಪ್ಪನ ಎದುರು ನಿಂತು ಕೇಳಿದರು.

"ಸಾಹೇಬ್ರ, ಕಂಠಿಭಾಯಿ ಆ ಸಿಮೆಂಟ್ ಕಂಪನಿ ಹೇಳ್ಯಾರ. ಅಂಗಡಿಗಂತ ಇಟ್ಟಿದ್ ರೊಕ್ಕ ಐತ್ರಿ. ನೀವ್ ಫ್ಯಾಕ್ಟರಿ ಲೆಕ್ಕಾನ ಬರೀತೀರಂತ. ಹಾಕ್ಲ್ಯೋ ಬ್ಯಾಡೋ, ಅಷ್ಟ ಹೇಳ್ರಿ."

ಅಡುಗೆಮನೆಯಲ್ಲಿ ಅಮ್ಮ ರುಬ್ಬುವುದನ್ನು ನಿಲ್ಲಿಸಿದ್ದಳು.

"ಅದರ ಬಗ್ಗೆ ನಾನು ಏನೂ ಹೇಳೋ ಹಾಗಿಲ್ಲ ಖಾದರ್‌ಭಾಯಿ."

"ಬ್ಯಾಡ ಅಂತೂ ಅನ್ನಂಗಿಲ್ಲಲ್ರಿ?"

"ಹೇಳೋ ಹಾಗಿಲ್ಲ."

ಖಾದರ್‌ಭಾಯಿಯ ಮುಖ ತಿಳಿಯಾಯಿತು. ಅಪ್ಪ ಬೇಡ ಎನ್ನಲಿಲ್ಲ, ಅಷ್ಟು ಸಾಕು ಎಂದುಕೊಂಡರು. ಸರ್ಕಾರಿ ಮನುಷ್ಯ ಬಾಯಿ ಬಿಟ್ಟು ಹೌದು ಎನ್ನಲಾರ, ಸುಮ್ಮನಿದ್ದದ್ದೇ ಹೌದು. ಅಪ್ಪನ ಮೌನವೂ ಕತೆಯೊಳಗೆ ಸೇರಿಹೋಯಿತು. ನಾನು ಕುರ್ತಾ ಹಿಡಿದುಕೊಂಡು ಫ್ರಿಜ್ಜಿಗೆ ಒರಗಿ ನಿಂತಿದ್ದೆ. ಆ ಅಂಕಿ ನನಗೂ ಗೊತ್ತಿತ್ತು. ತಿಳಿಯುವ ಅಗತ್ಯವಿಲ್ಲದವನಿಗೆ ಅದನ್ನು ಹೇಳಿ ಆಗಿತ್ತು, ಅಗತ್ಯವಿದ್ದವರು ಎದುರಿಗೆ ನಿಂತಾಗ ಬಾಯಿ ಬಿಡಲಾಗಲಿಲ್ಲ. ಅವರು ಮೆಟ್ಟಿಲಿಳಿದ ಮೇಲೆ ಅಮ್ಮ ಕೈ ಒರೆಸಿಕೊಳ್ಳುತ್ತಾ ಹೊರಗೆ ಬಂದಳು. ಅವಳಿಗೆ ಕುಲುಮೆಯ ವಿಷಯ ತಿಳಿಯದು, ಆದರೆ ಗಂಡನ ಮುಖ ಓದಲು ಬರುತ್ತಿತ್ತು.

"ನಿಮಗೇನೋ ಗೊತ್ತಿದೆ. ಅವರನ್ನ ಬರಿಗೈಲಿ ಕಳಿಸಿಬಿಟ್ರಿ."

ಅವತ್ತು ಅಪ್ಪ ಅಮ್ಮ ಇಬ್ಬರೂ ಊಟ ಮಾಡಲಿಲ್ಲ. ರುಬ್ಬಿದ ಹಿಟ್ಟು ಹುಳಿ ಬಂದು, ಮರುದಿನ ಅಮ್ಮ ಅದನ್ನು ಚೆಲ್ಲಿದಳು. ನಮ್ಮ ಮನೆಯಲ್ಲಿ ಹಿಟ್ಟು ಚೆಲ್ಲಿದ್ದನ್ನು ಅದಕ್ಕೆ ಮೊದಲು ನಾನು ನೋಡಿರಲಿಲ್ಲ.

ಎರಡು ತಿಂಗಳ ನಂತರ ಸಿಮೆಂಟ್ ತಯಾರಿಕೆಯ ಅಂಕಿ ಪ್ರಕಟವಾಯಿತು. ಇಳಿದಿತ್ತು, ಚೆನ್ನಾಗಿಯೇ ಇಳಿದಿತ್ತು. ಪತ್ರಿಕೆಯ ಒಳಪುಟದಲ್ಲಿ ನಾಲ್ಕು ಸಾಲು. ಅಪ್ಪ ಎಂದೂ ಇಲ್ಲದಂತೆ ಆ ಸಂಜೆ ಸ್ಟೇಷನ್ನಿನಲ್ಲಿ ಸಂಜೆಪತ್ರಿಕೆಯನ್ನೂ ಕೊಂಡು ಬಂದರು. ಅಂಕಿ ಹೊರಬಿದ್ದ ದಿನ ಆ ಷೇರು ಬೀಳುತ್ತದೆ, ಜನ ಎಚ್ಚೆತ್ತು ಮಾರಿ ಹೊರಬರುತ್ತಾರೆ, ತಾನು ಹೇಳದಿದ್ದರೂ ಅಂಕಿ ಹೇಳುತ್ತದೆ ಎಂದು ಅವರು ದಿನ ಎಣಿಸುತ್ತಿದ್ದರೆಂದು ನನಗೆ ಆಗ ಗೊತ್ತಾಯಿತು. ಷೇರು ಅಂದು ಏರಿತ್ತು. ತಯಾರಿಕೆ ಕಡಿಮೆಯಾದರೆ ಸಿಮೆಂಟಿನ ಬೆಲೆ ಹೆಚ್ಚುತ್ತದೆ, ಬೆಲೆ ಹೆಚ್ಚಿದರೆ ಲಾಭ ಹೆಚ್ಚುತ್ತದೆ ಎಂದು ಬಜಾರು ಓದಿಕೊಂಡಿತ್ತು. ಅಪ್ಪ ಪತ್ರಿಕೆಯನ್ನು ಮಡಿಸಿ ಚಾಪೆಯ ಮೇಲಿಟ್ಟು, ಇಷ್ಟು ವರ್ಷ ಇದನ್ನೆಲ್ಲ ಯಾರಿಗೋಸ್ಕರ ಕೂಡಿದೆ ಎಂದರು. ಅಮ್ಮನಿಗೂ ಅಲ್ಲ, ನನಗೂ ಅಲ್ಲ, ಸುಮ್ಮನೆ ಎಂದರು. ಮಾಮ ಅಂದು ಗೆದ್ದವನಂತೆ ನಡೆದುಕೊಳ್ಳಲಿಲ್ಲ. ಅಪ್ಪನ ತಟ್ಟೆಗೆ ತಾನೇ ತುಪ್ಪ ಬಡಿಸಿದ.

ಬಜಾರು ಬಿದ್ದದ್ದು ಒಂದು ಬೇಸಿಗೆಯಲ್ಲಿ. ಬ್ಯಾಂಕುಗಳ ಹಣ ಯಾವುದೋ ಕಳ್ಳದಾರಿಯಲ್ಲಿ ಷೇರುಗಳಿಗೆ ಹರಿದಿತ್ತು ಎಂಬ ಸುದ್ದಿ ಹೊರಬಿತ್ತು, ಹಣ ಹಿಂದಕ್ಕೆ ಹೋಯಿತು, ಅದರ ಮೇಲೆ ನಿಂತಿದ್ದೆಲ್ಲ ಕುಸಿಯಿತು. ನಮ್ಮ ಸಿಮೆಂಟ್ ಕಂಪನಿ ಮೊದಲ ವಾರದಲ್ಲೇ ಹೋಯಿತು. ಕುಲುಮೆಗಳಿಗೂ ಇದಕ್ಕೂ ಸಂಬಂಧವೇ ಇರಲಿಲ್ಲ. ಅಪ್ಪನ ಅಂಕಿ ನಿಜವಾಗಿತ್ತು, ಆದರೆ ಬಜಾರನ್ನು ಬೀಳಿಸಿದ್ದು ಅದಲ್ಲ. ಬಿದ್ದಾದ ಮೇಲೆ ಪತ್ರಿಕೆಗಳೆಲ್ಲ, ಆ ಕಾರ್ಖಾನೆಯ ಕುಲುಮೆಗಳು ಮೊದಲಿನಿಂದಲೂ ಆರಿದ್ದವಲ್ಲ ಎಂದು ಬರೆದವು. ಏರುವಾಗ ಬೇಡವಾಗಿದ್ದ ಅಂಕಿ ಇಳಿಯುವ ಕತೆಗೆ ಬೇಕಾಯಿತು. ಇದನ್ನು ನಾನು ಆಮೇಲೆ ಎಷ್ಟೋ ಸಲ ಕಂಡೆ. ಮೂವತ್ತು ವರ್ಷ ಷೇರು ವ್ಯವಹಾರದ ಕಂಪನಿಯೊಂದರಲ್ಲಿ ಕೂತು, ವ್ಯಾಪಾರ ಮಾಡುವ ಹುಡುಗರಿಗೆ ದಿನವೂ ಬೆಳಿಗ್ಗೆ ಹಣದುಬ್ಬರ, ರಫ್ತು, ತಯಾರಿಕೆಯ ಟಿಪ್ಪಣಿ ಬರೆದುಕೊಡುವುದು ನನ್ನ ಕೆಲಸವಾಗಿತ್ತು. ಅವರು ಅದನ್ನು ಓದಿ, ತಮ್ಮ ಕೈಯಲ್ಲಿ ಆಗಲೇ ಇದ್ದ ಕತೆಗೆ ಹೊಂದುವ ಸಾಲನ್ನಷ್ಟೇ ಎತ್ತಿಕೊಳ್ಳುತ್ತಿದ್ದರು. ನಾನು ಬೇಸರಪಡಲಿಲ್ಲ, ಬರೆಯುವುದನ್ನೂ ಬಿಡಲಿಲ್ಲ. ಹೊಂದದ ಸಾಲನ್ನು ಮೊದಲಿಗೇ ಬರೆಯುತ್ತಿದ್ದೆ.

ಮಾಮ ಮೂರು ದಿನ ಗ್ಯಾಲರಿಯಿಂದ ಹೊರಬರಲಿಲ್ಲ. ನಾಲ್ಕನೆಯ ಬೆಳಿಗ್ಗೆ ಸ್ನಾನ ಮಾಡಿ, ಒಗೆದ ಅಂಗಿ ಹಾಕಿಕೊಂಡು, ಹಣ ಕೊಟ್ಟ ಪ್ರತಿ ಮನೆಗೂ ಹೋಗಿ ಹೇಳಿ ಬರುತ್ತೇನೆ ಎಂದ. ಅಮ್ಮ ತಡೆದಳು, ಜನ ಹೊಡೆದಾರು ಎಂದಳು. ಅಪ್ಪ ಆಫೀಸಿಗೆ ಹೊರಟವರು ಚೀಲವನ್ನು ಗೂಟಕ್ಕೆ ಹಾಕಿ, ನಡಿ ಎಂದರು. ಇಬ್ಬರೂ ಮಹಡಿ ಮಹಡಿಗೆ ಹೋದರು. ಮೇಲಿನ ಬಾಗಿಲುಗಳಲ್ಲಿ ಮಾಮನ ಒಡೆದ ದನಿ ಕೇಳುತ್ತಿತ್ತು, ನಂತರ ಯಾರದೋ ಏರಿದ ದನಿ, ನಡುವೆ ಅಪ್ಪನ ಕೆಮ್ಮು. ಯಾರೂ ಹೊಡೆಯಲಿಲ್ಲ. ಒಬ್ಬಾಕೆ ಮಾತೇ ಆಡದೆ ಬಾಗಿಲು ಹಾಕಿಕೊಂಡಳಂತೆ; ಮಾಮನಿಗೆ ಅದೊಂದೇ ನೆನಪುಳಿಯಿತು. ಮಳೆಗಾಲ ಶುರುವಾಗುವ ಮೊದಲು ಅವನು ಬ್ರೋಕರನ ಕೆಲಸ ಬಿಟ್ಟು ದಹಿಸರ್‌ನಲ್ಲಿ ಒಂದು ಹಾರ್ಡ್‌ವೇರ್ ಅಂಗಡಿ ಸೇರಿ, ಅಲ್ಲೇ ಕೋಣೆ ಹಿಡಿದ. ಗ್ಯಾಲರಿ ನನ್ನ ಓದಿಗೆ ಬಂತು. ನನಗೆ ಅಲ್ಲಿ ಓದಲಾಗಲಿಲ್ಲ.

ಅಂಗಡಿ ಬೇರೆಯವರ ಪಾಲಾಯಿತು. ಖಾದರ್‌ಭಾಯಿ ಸ್ಟೇಷನ್ನಿನ ಆಚೆ ಒಂದು ಷೆಡ್ಡಿನಲ್ಲಿ ರೆಡಿಮೇಡ್ ಅಂಗಿ ಹೊಲಿಯುವ ಕೆಲಸಕ್ಕೆ ಸೇರಿದರೆಂದು ಗೊತ್ತಾಯಿತು. ಒಂದು ಶನಿವಾರ ಅಪ್ಪ ಆಫೀಸಿನಿಂದ ಬಂದು ಕಾಲು ತೊಳೆಯದೆ, ಚಪ್ಪಲಿ ಬಿಡದೆ, ಬಾ ಎಂದು ನನ್ನನ್ನು ಕರೆದುಕೊಂಡು ಹೊರಟರು. ಎಲ್ಲಿಗೆಂದು ಹೇಳಲಿಲ್ಲ. ರೈಲ್ವೆ ಸೇತುವೆ ಹತ್ತುವಾಗ ನನಗೆ ಅರ್ಥವಾಯಿತು. ನಾನು ಇನ್ನು ತಡೆದುಕೊಳ್ಳಲಾರದೆ, ಆ ಫಾರ್ಮನ್ನು ನಾನು ಓದಿದ್ದೆ, ಮಾಮನಿಗೆ ಹೇಳಿದ್ದೆ ಎಂದುಬಿಟ್ಟೆ. ಅಪ್ಪ ನಡೆಯುತ್ತಲೇ ಇದ್ದರು.

"ಗೊತ್ತು. ಕಂಠಿ ಅವತ್ತೇ ಹೇಳಿದ."

ಹಾಗಾದರೆ ನನಗೇಕೆ ಬೈಯಲಿಲ್ಲ ಎಂದು ಕೇಳಿದೆ. ಎದುರಿನಿಂದ ಲೋಕಲ್ ಇಳಿದ ಜನ ನುಗ್ಗಿ ಬಂದರು. ನಾವು ಕಂಬಿಗೆ ಸರಿದು ನಿಂತೆವು. ಜನ ಕರಗಿದ ಮೇಲೆ ಅಪ್ಪ ಹೇಳಿದರು.

"ನಮ್ಮ ಮನೇಲಿ ಒಬ್ಬರಾದರೂ ಹೇಳಿದರಲ್ಲ ಅಂತ ಸಮಾಧಾನ ಇತ್ತು."

ಷೆಡ್ಡಿನಲ್ಲಿ ಇಪ್ಪತ್ತು ಮೆಷಿನ್‌ಗಳು ಒಟ್ಟಿಗೆ ಓಡುತ್ತಿದ್ದವು. ಖಾದರ್‌ಭಾಯಿ ಮೂರನೆಯ ಸಾಲಿನಲ್ಲಿದ್ದರು. ನಮ್ಮನ್ನು ಕಂಡು ಎದ್ದರು, ಅಮ್ಮ ಹೇಗಿದ್ದಾರೆ ಎಂದು ವಿಚಾರಿಸಿದರು, ಕೂರಿಸಲು ಜಾಗವಿಲ್ಲವೆಂದು ಸಂಕೋಚಪಟ್ಟರು. ಅಪ್ಪ ನೇರವಾಗಿ ವಿಷಯಕ್ಕೆ ಬಂದರು. ನೀವು ಕೇಳಿದ ದಿನ ನನಗೆ ಗೊತ್ತಿತ್ತು, ಆ ಕಾರ್ಖಾನೆ ಮೂರರಲ್ಲಿ ಎರಡು ಪಾಲು ನಿಂತುಹೋಗಿತ್ತು, ಹೇಳಬಾರದೆಂಬ ನಿಯಮವಿತ್ತು, ಆದ್ದರಿಂದ ಹೇಳಲಿಲ್ಲ ಎಂದರು. ಮೆಷಿನ್‌ಗಳ ಸದ್ದಿಗೆ ದನಿ ಎತ್ತಬೇಕಾಯಿತು. ಅಪ್ಪ ಅಷ್ಟು ಜೋರಾಗಿ ಮಾತಾಡಿದ್ದನ್ನು ನಾನು ಕೇಳಿದ್ದು ಅದೊಂದೇ ಸಲ. ಖಾದರ್‌ಭಾಯಿ ಕೈಯಲ್ಲಿದ್ದ ಕಾಲರಿನ ತುಂಡನ್ನು ಎರಡು ಸಲ ಮಡಿಸಿದರು, ಬಿಚ್ಚಿದರು.

"ನೀವ್ ಹೇಳಿದ್ರೂ ನಾ ಕೇಳ್ತಿದ್ದಿಲ್ರಿ ಸಾಹೇಬ್ರ. ತಲ್ಯಾಗ ಅಂಗಡಿ ಕುಂತಿತ್ತು." ಕಾಲರನ್ನು ಮೆಷಿನ್ನಿನ ಮೇಲಿಟ್ಟರು. "ಆದ್ರ ಹೇಳ್ಬೇಕಿತ್ರಿ."

"ಹೇಳಬೇಕಿತ್ತು," ಎಂದರು ಅಪ್ಪ.

ಖಾದರ್‌ಭಾಯಿ ಹೊರಗೆ ನಿಂತಿದ್ದ ಚಹಾದವನಿಗೆ ಮೂರು ಬೆರಳು ತೋರಿಸಿದರು. ನಾವು ಮೂವರೂ ನಿಂತುಕೊಂಡೇ ಕುಡಿದೆವು.